ಬಿಡ್ತು ಅಂದಮೇಲೆ ಏನು?

(ದಾವಣಗೆರೆಯ ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬ್ಯಾನರಿನಲ್ಲಿ "ಸಕಾರಾತ್ಮಕ ಚಿಂತನೆ" ಅಂತ ದೊಡ್ಡದಾಗಿ ಬರೆಸಿದ್ದೀರಿ. ಇಷ್ಟು ದೊಡ್ಡ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ. ನಮ್ಮಜ್ಜಿ ಇದನ್ನೆಲ್ಲ ಎರಡೇ ಪದದಲ್ಲಿ ಮುಗಿಸುತ್ತಿದ್ದರು. "ಬಿಡ್ತು ಅನ್ನು."

ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ಹುಡುಗ "ಬಸ್ಸು ಉರುಳಿದ್ರೆ ಏನಜ್ಜಿ?" ಅಂದರೆ ತಕ್ಷಣ "ಬಿಡ್ತು ಅನ್ನು". ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಹೋಗಿ ಬರ್ತೀನಿ" ಅನ್ನಬೇಕು. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಮೇಲೆ ಅಶ್ವಿನಿ ದೇವತೆಗಳು ಸುತ್ತಾಡುತ್ತಾ "ಅಸ್ತು, ಅಸ್ತು" ಅನ್ನುತ್ತಿರುತ್ತಾರಂತೆ. ಅವರು ಹಾದುಹೋಗುವ ಹೊತ್ತಿಗೆ ಸರಿಯಾಗಿ ನೀವು ಕೆಟ್ಟದ್ದು ಆಡಿದರೆ ಮುಗಿಯಿತು.

ಇಂಥ ಮನೆಯಲ್ಲಿ ಬೆಳೆದ ನಾನು ಹೋಗಿ ಸೇರಿದ್ದು ಜೀವ ವಿಮೆಯ ಕೆಲಸಕ್ಕೆ. 31 ವರ್ಷ ಡೆವಲಪ್‌ಮೆಂಟ್ ಆಫೀಸರ್ ಆಗಿದ್ದೆ. ಏಜೆಂಟರನ್ನು ಹುಡುಕುವುದು, ಪಳಗಿಸುವುದು, ಅವರ ಜೊತೆ ಊರೂರು ಸುತ್ತುವುದು. ಬೆಳಿಗ್ಗೆ ಒಬ್ಬರ ಪಡಸಾಲೆಯಲ್ಲಿ ಕೂತು, ಅವರ ಮನೆಯ ಕಾಫಿ ಕುಡಿದು, "ಯಜಮಾನ್ರೇ, ನಾಳೆ ನಿಮಗೇನಾದ್ರೂ ಆದ್ರೆ ಈ ಮಕ್ಕಳ ಗತಿ ಏನು?" ಅಂತ ಕೇಳಬೇಕು. ಅಡುಗೆಮನೆಯಿಂದ "ಬಿಡ್ತು ಅನ್ರೀ!" ಅಂತ ಕೂಗು ಬರದ ಮನೆಯೇ ಇಲ್ಲ. ಸಂಬಳ ತಗೊಂಡು ಅಪಶಕುನ ನುಡಿಯುವ ಕೆಲಸ ನನ್ನದು ಅಂತ ನಾನೇ ತಮಾಷೆ ಮಾಡುತ್ತಿದ್ದೆ.

ಆದರೆ ಪ್ರೀಮಿಯಂ ಕಟ್ಟುವ ಮನುಷ್ಯನನ್ನು ನಿರಾಶಾವಾದಿ ಅನ್ನುತ್ತೀರಾ? ಆತ ಕೆಟ್ಟದ್ದನ್ನು ಒಮ್ಮೆ ನೆಟ್ಟಗೆ ನೋಡಿದ್ದಾನೆ, ಅದಕ್ಕೊಂದು ದಾರಿ ಮಾಡಿದ್ದಾನೆ, ಆಮೇಲೆ ಹೊದ್ದು ಮಲಗಿದ್ದಾನೆ. ಬಿಡ್ತು ಅಂದು ಅಲ್ಲಿಗೇ ಬಿಟ್ಟವನಿಗಿಂತ ಅವನಿಗೇ ನಿದ್ದೆ ಚೆನ್ನಾಗಿ ಬರುತ್ತದೆ. ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ. ಬಿಡ್ತು ಅನ್ನಿ, ಬೇಡ ಅನ್ನುವುದಿಲ್ಲ. ಅಂದಮೇಲೆ ಏನು ಮಾಡುತ್ತೀರಿ?

ಮೊದಲು ಕೆಲಸದ ವಿಷಯ. ವಿಮೆಯಲ್ಲಿ ಯಾರೂ ನಿಮಗೆ ನೇರವಾಗಿ "ಬೇಡ" ಅನ್ನುವುದಿಲ್ಲ. ಚನ್ನಗಿರಿ ಕಡೆ ಹೋದರೆ "ಅಡಿಕೆ ದುಡ್ಡು ಬರಲಿ". ಪೇಟೆಯಲ್ಲಿ "ದೀಪಾವಳಿ ಕಳೀಲಿ". ಇಲ್ಲವೇ "ಮನೇಲಿ ಕೇಳಿ ಹೇಳ್ತೀನಿ". ಕೊನೆಯ ಅಸ್ತ್ರ "ನಮ್ಮ ಷಡ್ಡಕನೂ ಏಜೆಂಟೇ". ಅದು ಬಂತು ಅಂದರೆ ಎದ್ದು ಚಪ್ಪಲಿ ಹಾಕಿಕೊಳ್ಳಬಹುದು.

ನನ್ನ ಕೈಕೆಳಗೆ ಒಂದೇ ವರ್ಷ ಸೇರಿದ ಇಬ್ಬರು ಹುಡುಗರಿದ್ದರು. ಒಬ್ಬ ಜಗಳೂರು ಕಡೆಯವನು. ಐಟಿಐ ಮಾಡಿದ್ದ, ಚುರುಕು, ಮಾತು ಚೆಂದ. ಇನ್ನೊಬ್ಬ ಮಂಡಿಪೇಟೆಯಲ್ಲಿ ಗುಮಾಸ್ತನಾಗಿದ್ದವನು. ಮಾತು ಸ್ವಲ್ಪ ತಡವರಿಸುತ್ತಿತ್ತು. ಮೊದಲನೆಯವನ ಮೇಲೆ ನನಗೆ ಭಾರಿ ನಂಬಿಕೆ. ಒಂದು ದಿನ ಅವನ ಜೊತೆ ಮೂರು ಮನೆ ಸುತ್ತಿದೆವು. ಮೂರೂ ಕಡೆ "ನೋಡೋಣ". ಟೀ ಅಂಗಡಿಯಲ್ಲಿ ಕೂತು ಅವನು ಹೇಳಿದ: "ನನಗೆ ಯಾವಾಗ್ಲೂ ಹಿಂಗೇ ಸಾರ್. ಈ ಕಡೆ ಯಾರೂ ಪಾಲಿಸಿ ತಗೊಳಲ್ಲ. ನನ್ನ ಹಣೇಲಿ ಬರೆದಿಲ್ಲ ಬಿಡಿ."

ಮರುವಾರ ಇನ್ನೊಬ್ಬನ ಜೊತೆ ಹೋದೆ. ಅವನಿಗೂ ಮೂರು ಕಡೆ "ನೋಡೋಣ"ವೇ ಸಿಕ್ಕಿತು. ಅವನು ಜೇಬಿನಿಂದ ಸಣ್ಣ ಡೈರಿ ತೆಗೆದು ಬರೆಯುತ್ತಾ ಅಂದ: "ಎರಡನೇ ಮನೆಯವರದ್ದು ಮೊನ್ನೆ ಬೋರ್ ಫೇಲಾಗಿದೆ ಸಾರ್. ಅದೇ ಬೇಜಾರಲ್ಲಿದ್ರು. ಹದಿನೈದು ದಿನ ಬಿಟ್ಟು ಬರ್ತೀನಿ. ಮೂರನೇದರಲ್ಲಿ ನಾನೇ ಲೆಕ್ಕ ಗೊಂದಲ ಮಾಡಿಬಿಟ್ಟೆ. ಸರಿಯಾಗಿ ಬರಕೊಂಡು ಹೋಗ್ಬೇಕು."

ಮೊದಲನೆಯವನು ಎರಡನೇ ವರ್ಷ ಬಿಟ್ಟುಹೋದ. ಎರಡನೆಯವನು ನಾನು ನಿವೃತ್ತನಾಗುವಾಗಲೂ ನಮ್ಮ ಬ್ರಾಂಚಿನ ಮೊದಲ ಐದರಲ್ಲಿದ್ದ. ಆಗ ನಾನು ಇದಕ್ಕೆ "ಛಲ" ಅಂತ ಹೆಸರಿಟ್ಟು ಸುಮ್ಮನಾಗಿದ್ದೆ.

ನಿವೃತ್ತಿಯ ನಂತರ ಓದಲು ಪುರುಸೊತ್ತು ಸಿಕ್ಕಿತು. ಆಗ ಗೊತ್ತಾಯಿತು, ನಾನು ಟೀ ಅಂಗಡಿಯಲ್ಲಿ ಕಂಡದ್ದನ್ನೇ ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಅದೂ ವಿಮಾ ಏಜೆಂಟರ ಮೇಲೆ! ಮಾರ್ಟಿನ್ ಸೆಲಿಗ್‌ಮನ್ ಅಂತ ಒಬ್ಬ ಮನಃಶಾಸ್ತ್ರಜ್ಞ. 1980ರ ದಶಕದಲ್ಲಿ ಮೆಟ್ರೊಪಾಲಿಟನ್ ಲೈಫ್ ಕಂಪನಿಗೆ ನಮ್ಮದೇ ತಲೆನೋವು ಇತ್ತು. ಸೇರಿದ ಏಜೆಂಟರಲ್ಲಿ ಅರ್ಧದಷ್ಟು ಜನ ಮೊದಲ ವರ್ಷವೇ ಜಾಗ ಖಾಲಿ ಮಾಡುತ್ತಿದ್ದರು. ಸೆಲಿಗ್‌ಮನ್ ಒಂದು ಪ್ರಶ್ನಾವಳಿ ಕೊಟ್ಟರು. ಒಳ್ಳೆಯದೋ ಕೆಟ್ಟದ್ದೋ ಆದಾಗ ಅದಕ್ಕೆ ನೀವು ಏನು ಕಾರಣ ಹೇಳಿಕೊಳ್ಳುತ್ತೀರಿ ಅನ್ನುವುದಷ್ಟೇ ಅದರಲ್ಲಿ ಕೇಳಿದ್ದು. ಆಮೇಲೆ ಕಂಪನಿಯ ಮಾಮೂಲಿ ಪರೀಕ್ಷೆಯಲ್ಲಿ ಫೇಲಾಗಿದ್ದರೂ ಈ ಪ್ರಶ್ನಾವಳಿಯಲ್ಲಿ ಆಶಾವಾದಿಗಳು ಅಂತ ಕಂಡ 129 ಜನರನ್ನು ಪ್ರಯೋಗಕ್ಕೆ ಅಂತಲೇ ಸೇರಿಸಿಕೊಂಡರು. ಮಾಮೂಲಿ ಪರೀಕ್ಷೆ ಪಾಸಾಗಿ ಬಂದ ನಿರಾಶಾವಾದಿಗಳಿಗಿಂತ ಇವರು ಮೊದಲ ವರ್ಷ ಶೇಕಡಾ 21ರಷ್ಟು ಜಾಸ್ತಿ ಮಾರಿದರು. ಎರಡನೇ ವರ್ಷ ಶೇಕಡಾ 57ರಷ್ಟು.

ಎರಡನೇ ವರ್ಷ ಅಂತರ ಹೆಚ್ಚಾದದ್ದು ಯಾಕೆ? ಏಜೆಂಟಾಗಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ವರ್ಷ ಅತ್ತೆ ಮಾವ, ಚಿಕ್ಕಪ್ಪ, ಕ್ಲಾಸ್‌ಮೇಟ್ ಎಲ್ಲರೂ ಒಂದೊಂದು ಪಾಲಿಸಿ ತಗೊಂಡು ಕಾಪಾಡುತ್ತಾರೆ. ನೆಂಟರು ಮುಗಿದ ಮೇಲೆ ನಿಜವಾದ "ಬೇಡ" ಶುರುವಾಗುವುದು.

ಸೆಲಿಗ್‌ಮನ್ ಮೂರು ವಿಷಯ ನೋಡುತ್ತಾರೆ. ಇದು ಯಾವಾಗಲೂ ಹೀಗೆಯೋ, ಈ ಸಲ ಮಾತ್ರವೋ? ಬದುಕಿಗೆಲ್ಲ ಹಬ್ಬಿದ್ದೋ, ಈ ಒಂದು ವಿಷಯಕ್ಕೆ ಸೇರಿದ್ದೋ? ಪೂರ್ತಿ ನನ್ನ ತಪ್ಪೋ, ಬೇರೆ ಕಾರಣವೂ ಇದೆಯೋ? ನಮ್ಮ ಜಗಳೂರು ಹುಡುಗನ ಮಾತನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. "ಯಾವಾಗ್ಲೂ." "ಯಾರೂ." "ನನ್ನ ಹಣೆ." ಮೂರಕ್ಕೆ ಮೂರೂ ಹಾಜರು! ಅದರಲ್ಲೂ ಹಣೆಬರಹ, ಗ್ರಹಚಾರ ಅನ್ನುವ ಪದಗಳಿವೆಯಲ್ಲ, ಅವು ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತವೆ. ಹಣೆಬರಹ ಅಂದಮೇಲೆ ಅದು ಹುಟ್ಟಿನಿಂದ ಸಾಯುವವರೆಗೆ, ಬದುಕಿಗೆಲ್ಲ, ನಿಮ್ಮದೇ ಹಣೆಯ ಮೇಲೆ. ಅಲ್ಲಿ ಮಾಡಲು ಏನೂ ಉಳಿಯಲಿಲ್ಲ.

ಇನ್ನೊಬ್ಬನ ಮಾತಿನಲ್ಲಿ ಬೋರ್‌ವೆಲ್ ಇತ್ತು, ಹದಿನೈದು ದಿನ ಇತ್ತು. ಗಮನಿಸಿ, ಅವನು ತನ್ನ ತಪ್ಪನ್ನೂ ಒಪ್ಪಿಕೊಂಡ. "ಲೆಕ್ಕ ಗೊಂದಲ ಮಾಡಿದೆ" ಅಂದ. "ನಾನು ದಡ್ಡ" ಅನ್ನಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೆಲವರು ಈ ಪಾಠವನ್ನು "ತಪ್ಪೆಲ್ಲ ಬೇರೆಯವರದ್ದು" ಅಂತ ತಿರುಗಿಸಿಕೊಳ್ಳುತ್ತಾರೆ. ಲೇಟಾಗಿ ಹೋಗಿದ್ದರೆ ಲೇಟಾಗಿ ಹೋದೆ ಅನ್ನಬೇಕು. ಲೇಟನ್ನು ನಾಳೆ ಸರಿಮಾಡಬಹುದು. ದಡ್ಡತನವನ್ನು ಎಲ್ಲಿಗೆ ಒಯ್ದು ರಿಪೇರಿ ಮಾಡಿಸುತ್ತೀರಿ?

ಇದೇ ಸೆಲಿಗ್‌ಮನ್ ಇದಕ್ಕೂ ಮುಂಚೆ, 1967ರಲ್ಲಿ, ಸ್ಟೀವನ್ ಮೇಯರ್ ಜೊತೆ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಕೇಳಲು ಕಷ್ಟವಾಗುತ್ತದೆ, ಈ ಕಾಲದಲ್ಲಿ ಒಪ್ಪುವಂಥದ್ದೂ ಅಲ್ಲ. ಕೆಲವು ನಾಯಿಗಳಿಗೆ ಕರೆಂಟ್ ಶಾಕ್ ಬಂದಾಗ ಮೂತಿಯಿಂದ ಒಂದು ಹಲಗೆ ಒತ್ತಿದರೆ ನಿಲ್ಲುತ್ತಿತ್ತು. ಇನ್ನು ಕೆಲವಕ್ಕೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಮರುದಿನ ಎಲ್ಲವನ್ನೂ ಒಂದು ಗಿಡ್ಡ ಅಡ್ಡಗೋಡೆಯ ಪೆಟ್ಟಿಗೆಯಲ್ಲಿ ಬಿಟ್ಟರು. ಹಾರಿದರೆ ಆಚೆ ಶಾಕ್ ಇಲ್ಲ. ಹಲಗೆ ಒತ್ತಿ ಗೊತ್ತಿದ್ದವು ಹಾರಿದವು. ಮೊದಲ ದಿನ ಏನೂ ಕೈಗೂಡದವುಗಳಲ್ಲಿ ಹೆಚ್ಚಿನವು ಹಾರಲಿಲ್ಲ. ಮಲಗಿಬಿಟ್ಟವು.

ಇದನ್ನು ಓದಿದಾಗ ನನಗೆ ನಮ್ಮೂರೇ ನೆನಪಾಯಿತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಮನೆಗಳ ಪಾಲಿಸಿಗಳು ಲ್ಯಾಪ್ಸ್ ಆಗುತ್ತಿದ್ದವು, ನಾನು ಪ್ರೀಮಿಯಂ ನೆನಪಿಸಲು ಹೋಗುತ್ತಿದ್ದೆ. ಕಟ್ಟೆಯ ಮೇಲೆ ಕೂತ ಗಂಡಸರು ಕೂತೇ ಇರುತ್ತಿದ್ದರು. "ಏನಾದ್ರೂ ಮಾಡಬಾರದಾ ಇವರು? ಸೋಮಾರಿಗಳು" ಅಂತ ನಾನು ಮನೆಗೆ ಬಂದು ಹೇಳಿದ್ದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ ನೋಡಿ. ಅವರು ಅರ್ಜಿ ಕೊಟ್ಟಿದ್ದರು, ಧರಣಿ ಕೂತಿದ್ದರು, ಕೋರ್ಟಿಗೂ ಅಲೆದಿದ್ದರು. ಯಾವ ಹಲಗೆ ಒತ್ತಿದರೂ ನಿಂತಿರಲಿಲ್ಲ. ಅವರಿಗೆ ಹೋಗಿ "ಪಾಸಿಟಿವ್ ಆಗಿ ಯೋಚಿಸಿ" ಅನ್ನುವುದು ಬುದ್ಧಿವಂತರ ಮಾತಲ್ಲ.

ಈ ಕಥೆಗೆ ಇನ್ನೊಂದು ತುದಿ ಇದೆ, ಅದನ್ನು ಜಾಸ್ತಿ ಜನ ಹೇಳುವುದಿಲ್ಲ. 2016ರಲ್ಲಿ ಅದೇ ಇಬ್ಬರು ಸೇರಿ "ನಾವು ಅಂದುಕೊಂಡದ್ದು ತಿರುವುಮುರುವಾಗಿತ್ತು" ಅನ್ನುವ ಅರ್ಥದಲ್ಲಿ ಬರೆದರು. ಮಿದುಳಿನ ಅಧ್ಯಯನದಿಂದ ತಿಳಿದದ್ದು ಏನೆಂದರೆ, ದೀರ್ಘ ಕಷ್ಟದಲ್ಲಿ ಮುದುಡಿ ಕೂರುವುದನ್ನು ಯಾರೂ ಕಲಿಯಬೇಕಾಗಿಲ್ಲ, ಅದು ಜೀವಿಗಳಿಗೆ ತಾನಾಗಿ ಬರುವಂಥದ್ದು. ಕಲಿಯಬೇಕಾದದ್ದು "ನನ್ನ ಕೈಯಲ್ಲೂ ಏನೋ ಇದೆ" ಅನ್ನುವುದನ್ನು. ಐವತ್ತು ವರ್ಷ ತಾವು ಹೇಳಿಕೊಂಡು ಬಂದದ್ದನ್ನು ತಾವೇ ತಿದ್ದಿಕೊಂಡರಲ್ಲ, ನನಗೆ ಅದೇ ಇಷ್ಟವಾಯಿತು.

ಅದನ್ನು ಕಲಿಸುವುದು ಹೇಗೆ? ಭಾಷಣದಿಂದ ಆಗುವುದಿಲ್ಲ. ನನಗೆ ಗೊತ್ತಿಲ್ಲದೆ ನಾನು ಒಂದು ಸರಿಯಾದ ಕೆಲಸ ಮಾಡುತ್ತಿದ್ದೆ. ಯಾವ ಏಜೆಂಟ್ ಕುಗ್ಗಿದ್ದಾನೋ ಅವನಿಗೆ ಪಾಲಿಸಿಯ ಟಾರ್ಗೆಟ್ ತೆಗೆದುಹಾಕಿ, "ದಿನಕ್ಕೆ ನಾಲ್ಕು ಮನೆಗೆ ಹೋಗಿ ಬಾ, ಸಾಕು" ಅನ್ನುತ್ತಿದ್ದೆ. ಪಾಲಿಸಿ ಕೊಡುವುದು ಬಿಡುವುದು ಎದುರಿನವರ ಕೈಯಲ್ಲಿದೆ. ನಾಲ್ಕು ಮನೆಯ ಬಾಗಿಲು ತಟ್ಟುವುದು ನಿನ್ನ ಕೈಯಲ್ಲಿದೆ. ಸಂಜೆ ನಾಲ್ಕು ಗೀಟು ಎಳೆದು ತೋರಿಸುವಾಗ ಅವನ ಮುಖವೇ ಬೇರೆ ಇರುತ್ತಿತ್ತು.

ಈಗ ಸ್ವಲ್ಪ ಬೈಯುವ ಸರದಿ. ನೀವೂ ಇಂಥ ತರಬೇತಿಗಳಿಗೆ ಹೋಗಿರುತ್ತೀರಿ. ಹೋಟೆಲಿನ ಎಸಿ ಹಾಲು, ಕೋಟು ಹಾಕಿದ ಒಬ್ಬರು ಬಂದು "ಕಣ್ಣು ಮುಚ್ಚಿ, ನಿಮ್ಮ ಹೊಸ ಕಾರು ಕಾಣಿಸ್ತಿದೆಯಾ?" ಅನ್ನುತ್ತಾರೆ. ನನಗೆ ಕಾರು ಕಾಣಿಸಿತ್ತು, ಬಿಳಿ ಬಣ್ಣದ್ದು. ಮಧ್ಯಾಹ್ನ ಊಟ ಚೆನ್ನಾಗಿತ್ತು. ಆ ಮಾರ್ಚ್ ಎಂಡಿಂಗಿನಲ್ಲಿ ನಮ್ಮ ತಂಡದ ಲೆಕ್ಕ ಹಿಂದಿನ ವರ್ಷಕ್ಕಿಂತ ಕೆಳಗಿತ್ತು.

ಗ್ಯಾಬ್ರಿಯೆಲ್ ಓಟಿಂಗೆನ್ ಅನ್ನುವ ಜರ್ಮನ್ ಮನಃಶಾಸ್ತ್ರಜ್ಞೆ ಇದನ್ನೇ ಹಿಡಿದು ನೋಡಿದ್ದಾರೆ. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕ ಇಳಿಸಲು ಸೇರಿದ 25 ಮಹಿಳೆಯರನ್ನು ಒಂದು ವರ್ಷ ಗಮನಿಸಿದರು. "ನನ್ನಿಂದ ಆಗುತ್ತದೆ" ಅಂತ ನಂಬಿದವರು ಹೆಚ್ಚು ತೂಕ ಇಳಿಸಿದರು. ಆದರೆ ತೆಳ್ಳಗಾದ ಮೇಲಿನ ತಮ್ಮನ್ನು ಬಣ್ಣಬಣ್ಣವಾಗಿ ಕಲ್ಪಿಸಿಕೊಂಡವರು, ಅಷ್ಟು ಕಲ್ಪಿಸಿಕೊಳ್ಳದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದರು. ಕೆಲಸ ಹುಡುಕುವ ಪದವೀಧರರಲ್ಲೂ ಹೀಗೇ ಆಯಿತು. ಒಳ್ಳೆ ಕೆಲಸದ ಕನಸಿನಲ್ಲೇ ಹೆಚ್ಚು ಕಳೆದವರು ಕಡಿಮೆ ಅರ್ಜಿ ಹಾಕಿದ್ದರು, ಸಂಬಳವೂ ಕಡಿಮೆ ಸಿಕ್ಕಿತ್ತು. ಮನಸ್ಸು ಕನಸಿನಲ್ಲೇ ಒಂದು ಸಲ ಗೆದ್ದು ಬಂದಿರುತ್ತದೆ. ಗೆದ್ದ ಮೇಲೆ ಮೈ ಯಾಕೆ ಬಗ್ಗೀತು?

ನಂಬಿಕೆ ಬೇರೆ, ಹಗಲುಗನಸು ಬೇರೆ. ಈ ವ್ಯತ್ಯಾಸ ಒಂದನ್ನು ಮನೆಗೆ ತಗೊಂಡು ಹೋದರೂ ನಾನು ಬಂದದ್ದು ಸಾರ್ಥಕ.

ಕನ್ನಡಿ ಮುಂದೆ ನಿಂತು "ನಾನು ಅದ್ಭುತ" ಅಂತ ಹೇಳಿಕೊಳ್ಳುವುದೂ ಅಷ್ಟೇ. 2009ರಲ್ಲಿ ಕೆನಡಾದಲ್ಲಿ ಜೊಆನ್ ವುಡ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ತಮ್ಮ ಬಗ್ಗೆ ಮೊದಲೇ ಕೀಳು ಭಾವನೆ ಇದ್ದವರಿಗೆ ಇಂಥ ವಾಕ್ಯದಿಂದ ಬೇಜಾರು ಹೆಚ್ಚೇ ಆಯಿತು. ಬಾಯಿ ಒಂದು ಹೇಳುತ್ತದೆ, ಒಳಗಿನಿಂದ "ಹೌದಾ?" ಅಂತ ಉತ್ತರ ಬರುತ್ತದೆ.

ಓಟಿಂಗೆನ್ ಹೇಳುವ ದಾರಿ ಸುಲಭ. ಬೇಕಾದ್ದನ್ನು ಮನಸ್ಸಿನಲ್ಲಿ ನೋಡಿ. ಕೂಡಲೇ, ಅದಕ್ಕೆ ಅಡ್ಡ ನಿಂತಿರುವ ನಿಮ್ಮೊಳಗಿನ ವಿಷಯ ಯಾವುದು ಅಂತ ನೋಡಿ. ಆಮೇಲೆ "ಹೀಗಾದರೆ ಹೀಗೆ ಮಾಡುತ್ತೇನೆ" ಅಂತ ಒಂದು ವಾಕ್ಯ ಕಟ್ಟಿಕೊಳ್ಳಿ. ಈ ಕೊನೆಯದನ್ನು ಕಂಡುಕೊಂಡವರು ಅವರ ಗಂಡ ಪೀಟರ್ ಗೋಲ್‌ವಿಟ್ಜರ್. ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಬೇಕು ಅಂತ ವಿದ್ಯಾರ್ಥಿಗಳಿಗೆ ಹೇಳಿದ್ದರು. ಯಾವಾಗ, ಎಲ್ಲಿ ಕೂತು ಬರೆಯುತ್ತೇನೆ ಅಂತ ಮೊದಲೇ ತೀರ್ಮಾನಿಸಿದವರಲ್ಲಿ ಹತ್ತಕ್ಕೆ ಏಳು ಮಂದಿ ಹೇಳಿದ ಸಮಯಕ್ಕೆ ಬರೆದರು. ಸುಮ್ನೆ "ಬರೀತೀನಿ" ಅಂದವರಲ್ಲಿ ಹತ್ತಕ್ಕೆ ಮೂರು.

ನನ್ನದೇ ಹೇಳುತ್ತೇನೆ. ಶುಗರ್ ಬಂದಮೇಲೆ ಬೆಳಿಗ್ಗೆ ವಾಕಿಂಗ್ ಹೋಗಬೇಕು ಅಂತ ಎರಡು ವರ್ಷ "ನಾಳೆಯಿಂದ" ಅಂದೆ. ಅಡ್ಡಿ ಏನು ಅಂತ ಪ್ರಾಮಾಣಿಕವಾಗಿ ನೋಡಿದರೆ ಮಂಡಿನೋವಲ್ಲ, ಪೇಪರು. ಕೈಗೆ ಪೇಪರ್ ಸಿಕ್ಕರೆ ಏಳಾಗುತ್ತಿತ್ತು. "ಪೇಪರ್ ಬಿದ್ದ ಸದ್ದು ಕೇಳಿದರೆ ಷೂ ಹಾಕುತ್ತೇನೆ" ಅಂತ ಮಾಡಿಕೊಂಡೆ. ಹುಡುಗ ಪೇಪರ್ ಎಸೆದನೋ, ನಾನು ಷೂ ಹುಡುಕಿದೆ. ಈಗ ಹಬ್ಬದ ಮರುದಿನ ಪೇಪರ್ ಬರುವುದಿಲ್ಲವಲ್ಲ, ಆವತ್ತು ಮಾತ್ರ ವಾಕಿಂಗಿಗೂ ರಜಾ!

ನಮ್ಮ ಮನೆಯವರು ಇದ್ಯಾವುದನ್ನೂ ಓದಿಲ್ಲ. ಮದುವೆಗೆ ಹೊರಟರೆ ಮಳೆ ಬಂದರೆ, ಬಸ್ಸು ತಪ್ಪಿದರೆ, ಊಟ ಸಾಲದಿದ್ದರೆ ಅಂತ ಎಲ್ಲವನ್ನೂ ಮೊದಲೇ ಯೋಚಿಸಿ ಬ್ಯಾಗಿನಲ್ಲಿ ಕೊಡೆ, ಮಾತ್ರೆ, ಚಪಾತಿ ಇಟ್ಟಿರುತ್ತಾರೆ. "ಯಾಕೆ ಯಾವಾಗ್ಲೂ ಕೆಟ್ಟದ್ದೇ ಯೋಚಿಸ್ತೀಯಾ" ಅಂತ ನಾನು ಬೈದದ್ದಿದೆ. ಬೈದ ಮೇಲೆ ಆ ಚಪಾತಿ ತಿಂದದ್ದೂ ಇದೆ. ಮನಃಶಾಸ್ತ್ರದಲ್ಲಿ ಈ ಸ್ವಭಾವಕ್ಕೂ ಒಂದು ಹೆಸರಿದೆ, ರಕ್ಷಣಾತ್ಮಕ ನಿರಾಶಾವಾದ. ಇಂಥವರನ್ನು ಬಲವಂತವಾಗಿ ಹುರಿದುಂಬಿಸಿದರೆ ಅವರ ಕೆಲಸ ಕೆಡುತ್ತದೆ. ಕೆಟ್ಟದ್ದನ್ನು ಊಹಿಸಿ ಅಳುತ್ತಾ ಕೂರುವವರಲ್ಲ ಇವರು, ಊಹಿಸಿ ಬ್ಯಾಗು ತುಂಬುವವರು. ಪ್ರೀಮಿಯಂ ಕಟ್ಟುವವರ ಜಾತಿ.

ಮನೆಯ ಮಾತು ಬಂತು. ಇಲ್ಲಿ ನನ್ನ ಸೋಲನ್ನೇ ಹೇಳಬೇಕು.

ಮನೆಯಲ್ಲಿ ಒಳ್ಳೆಯ ಯೋಚನೆ ಅಂದರೆ ಕಷ್ಟದಲ್ಲಿ ಧೈರ್ಯ ಹೇಳುವುದು ಅಂತ ನಾನು ತಿಳಿದಿದ್ದೆ. ಶೆಲ್ಲಿ ಗೇಬಲ್ ಅನ್ನುವವರು 2004ರಲ್ಲಿ ಬೇರೆಯದೇ ಪ್ರಶ್ನೆ ಕೇಳಿದರು: ಒಳ್ಳೆ ಸುದ್ದಿ ತಂದಾಗ ನಿಮ್ಮವರು ಏನು ಮಾಡುತ್ತಾರೆ? ಕಿವಿಗೊಟ್ಟು, ಖುಷಿಪಟ್ಟು, "ಆಮೇಲೆ? ಅವರೇನಂದ್ರು?" ಅಂತ ಕೇಳುವ ಜೋಡಿಗಳ ಸಂಬಂಧ ಚೆನ್ನಾಗಿತ್ತು. ಮಿಕ್ಕ ಮೂರು ರೀತಿಗಳು ಅಂಥ ಫಲ ಕೊಡಲಿಲ್ಲ. ತಲೆ ಎತ್ತದೆ "ಹೂಂ, ಒಳ್ಳೇದು" ಅನ್ನುವುದು, ಅದರಲ್ಲೊಂದು ಕೊಂಕು ಹುಡುಕುವುದು, ಮಾತು ಬದಲಿಸುವುದು.

ನಮ್ಮ ಮಗಳು ಎಂಟನೇ ಕ್ಲಾಸಿನಲ್ಲಿ ಗಣಿತದಲ್ಲಿ 92 ತಗೊಂಡು ಓಡಿಬಂದಳು. ನಾನು ಕೇಳಿದ್ದು "ಇನ್ನೆಂಟು ಎಲ್ಲಿ ಹೋಯ್ತು?" ನಗಬೇಡಿ, ನಿಮ್ಮಲ್ಲೂ ಬಹಳ ಜನ ಕೇಳಿದ್ದೀರಿ. ಅದು ತಮಾಷೆ ಅಂತಲೇ ನಾನು ಅಂದುಕೊಂಡಿದ್ದೆ. ಒಳಗೊಳಗೆ ಖುಷಿಯೇ ಆಗಿತ್ತು. ಹೊರಗೆ ತೋರಿಸಿದರೆ ತಲೆಗೇರುತ್ತದೆ, ದೃಷ್ಟಿ ತಾಗುತ್ತದೆ. ನಮ್ಮಲ್ಲಿ ಮಕ್ಕಳನ್ನು ಪಕ್ಕದ ಮನೆಯವರ ಮುಂದೆ ಹೊಗಳುತ್ತೇವೆ, ಅವರ ಮುಂದೆ ಹೊಗಳುವುದಿಲ್ಲ ಅಲ್ವಾ? ಬೇಸರದ ಸುದ್ದಿ ತಂದರೆ ಇಡೀ ಮನೆ ಸುತ್ತ ಕೂರುತ್ತದೆ, ಖುಷಿ ತಂದರೆ "ಕೈಕಾಲು ತೊಳ್ಕೊ, ಊಟ ಮಾಡು" ಅನ್ನುತ್ತೇವೆ.

ವರ್ಷಗಳಾದ ಮೇಲೆ, ಅವಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಗ, ಪ್ರಮೋಷನ್ ಆದ ವಿಷಯ ನನಗೆ ಮೂರು ವಾರ ತಡವಾಗಿ ಗೊತ್ತಾಯಿತು. ಅದೂ ಅವಳಮ್ಮನಿಂದ. "ಅಪ್ಪಂಗೆ ಯಾಕೆ ಹೇಳಲಿಲ್ಲ?" ಅಂದರೆ "ಅಪ್ಪ ಸಂಬಳ ಎಷ್ಟು ಜಾಸ್ತಿ ಆಯ್ತು ಅಂತ ಕೇಳ್ತಾರೆ ಅಷ್ಟೇ" ಅಂದಳಂತೆ. 31 ವರ್ಷ ಪರರ ಮನೆಗಳಲ್ಲಿ ಮಾತಾಡಿ ಬದುಕಿದವನಿಗೆ ಸ್ವಂತ ಮನೆಯಲ್ಲಿ ಸಿಕ್ಕ ಸರ್ಟಿಫಿಕೇಟ್ ಅದು. ಈಗ ಅವಳ ಫೋನ್ ಬಂದರೆ ಟಿವಿ ಬಂದ್ ಮಾಡಿ ಕೂರುತ್ತೇನೆ. ಕಲಿಯುತ್ತಿದ್ದೇನೆ. ಅವಳೂ ಸ್ವಲ್ಪ ಅನುಮಾನದಿಂದಲೇ ಹೇಳುತ್ತಾಳೆ.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ಕ್ಲೇಮ್ ಕಾಗದಕ್ಕೆ ಸಹಿ ಹಾಕಿಸಲು ಸಾವಿನ ಮನೆಗಳಿಗೆ ಹೋಗಿದ್ದೇನೆ. ಅಲ್ಲಿ ಯಾರೋ ಒಬ್ಬರು ಬಂದು "ಆಗೋದೆಲ್ಲ ಒಳ್ಳೇದಕ್ಕೇ" ಅನ್ನುತ್ತಾರೆ. ಮೂವತ್ತು ವರ್ಷದ ಹೆಣ್ಣುಮಗಳ ಎದುರಿಗೆ! ದಯವಿಟ್ಟು ಅನ್ನಬೇಡಿ. ಅಲ್ಲಿ ಸುಮ್ಮನೆ ಕೂತರೆ ಸಾಕು, ಮಕ್ಕಳಿಗೆ ಊಟ ಹಾಕಿಸಿದರೆ ಇನ್ನೂ ಒಳ್ಳೆಯದು. ಖಿನ್ನತೆ ಇರುವವರಿಗೂ ಅಷ್ಟೇ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ ಅದು ಯೋಚನೆಯ ದೋಷ ಅಲ್ಲ, ಕಾಯಿಲೆ. ಡಾಕ್ಟರ ಹತ್ತಿರ ಹೋಗಬೇಕು. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಇದೆ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಂಬರ್ ಬರೆದುಕೊಳ್ಳಿ, ನಾನು ಕಾಯುತ್ತೇನೆ.

(ಮಾತು ಮುಗಿದ ಮೇಲೆ ಕೊನೆಯ ಸಾಲಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು "ಸಾರ್, ಆ ಬಿಟ್ಟುಹೋದ ಹುಡುಗ ಏನಾದ?" ಅಂತ ಕೇಳಿದಳು.)

ಒಳ್ಳೆ ಪ್ರಶ್ನೆ. ಅವನು ಜಗಳೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟ. ಚೆನ್ನಾಗಿದ್ದಾನೆ. ಮೋಟರ್ ನೋಡಿದ ಕೂಡಲೇ ಏನೇನು ಕೆಡಬಹುದು ಅಂತ ಅವನಿಗೆ ಮೊದಲೇ ಹೊಳೆಯುತ್ತದೆ, ರೈತರಿಗೆ ಅವನ ಮೇಲೆ ಬಹಳ ನಂಬಿಕೆ. ಸುರಕ್ಷತೆ ನೋಡುವ ಕೆಲಸ, ಲೆಕ್ಕ ನೋಡುವ ಕೆಲಸಕ್ಕೆ ಸ್ವಲ್ಪ ನಿರಾಶಾವಾದಿಗಳೇ ಲೇಸು ಅಂತ ಸೆಲಿಗ್‌ಮನ್ ಅವರೂ ಹೇಳಿದ್ದಾರೆ. ಅವನ ಹಣೆಯಲ್ಲಿ ಬರೆದಿರದದ್ದು ವಿಮೆ ಒಂದೇ ಇರಬೇಕು.

ಅಂಗಡಿ ಪೂಜೆಯ ದಿನ ಬೆಳಿಗ್ಗೆ ಅವನು ನನಗೇ ಮೊದಲು ಫೋನ್ ಮಾಡಿದ್ದ. "ಸಾರ್, ಸ್ವಂತ ಅಂಗಡಿ ಇಟ್ಟೆ" ಅಂದ. ನಾನು ಆಗಿನ್ನೂ ಇದನ್ನೆಲ್ಲ ಓದಿರಲಿಲ್ಲ ನೋಡಮ್ಮ. "ಬಾಡಿಗೆ ಎಷ್ಟು?" ಅಂತ ಕೇಳಿದೆ.